ಅಟ್ಟದ ಮೇಲಿನ ಏಳು ವರ್ಷ

1835ರ ಜೂನ್ ತಿಂಗಳ ಕೊನೆಗೆ ಅಮೆರಿಕದ ವರ್ಜೀನಿಯಾ ರಾಜ್ಯದ ಪತ್ರಿಕೆಯೊಂದರಲ್ಲಿ ಒಂದು ಜಾಹೀರಾತು ಅಚ್ಚಾಯಿತು. ಕೊಟ್ಟವನು ಪಕ್ಕದ ನಾರ್ತ್ ಕ್ಯಾರೊಲೈನಾದ ಈಡನ್‌ಟನ್ ಎಂಬ ಸಣ್ಣ ಬಂದರು ಪಟ್ಟಣದ ವೈದ್ಯ ಜೇಮ್ಸ್ ನಾರ್ಕಮ್. ಹ್ಯಾರಿಯಟ್ ಎಂಬ ಗುಲಾಮ ಹೆಣ್ಣು ತಪ್ಪಿಸಿಕೊಂಡಿದ್ದಾಳೆ, ಹಿಡಿದು ಒಪ್ಪಿಸಿದವರಿಗೆ 100 ಡಾಲರ್ ಇನಾಮು. ಮುಂದೆ ಚಹರೆಯ ವಿವರ: ಮೈಕಟ್ಟು ಹೀಗೆ, ಕೂದಲು ಹೀಗೆ, ಹೊಲಿಗೆಯಲ್ಲಿ ಪಳಗಿದ ಕೈ, ಚೆನ್ನಾಗಿ ಉಡುವ ಅಭ್ಯಾಸ, ಸರಾಗವಾದ ಮಾತು. ಇಷ್ಟನ್ನೂ ಹೇಳಿ ಅವನು ಇನ್ನೊಂದು ಮಾತು ಸೇರಿಸಿದ್ದ. ಅವಳು ಹೋದದ್ದಕ್ಕೆ ಗೊತ್ತಿರುವ ಯಾವ ಕಾರಣವೂ ಇಲ್ಲವಂತೆ, ಯಾರೂ ಏನೂ ಅಂದಿಲ್ಲ, ಮಾಡಿಲ್ಲವಂತೆ.

ಹ್ಯಾರಿಯಟ್ ಜೇಕಬ್ಸ್ ಹುಟ್ಟಿದ್ದು 1813ರಲ್ಲಿ, ಗುಲಾಮರ ಮಗಳಾಗಿ. ಆರನೆಯ ವಯಸ್ಸಿಗೆ ತಾಯಿ ತೀರಿಕೊಂಡಳು. ಓದು, ಬರಹ, ಹೊಲಿಗೆ ಕಲಿಸಿದ ಒಡತಿ 1825ರಲ್ಲಿ ಸಾಯುವಾಗ ಈ ಹುಡುಗಿಯನ್ನು ಉಯಿಲಿನಲ್ಲಿ ತನ್ನ ಸೋದರಿಯ ಮಗಳಿಗೆ ಬರೆದಿಟ್ಟಳು. ಒಡತಿಯಾದ ಆ ಕೂಸಿಗೆ ಆಗ ಮೂರು ವರ್ಷ. ಕೂಸಿನ ತಂದೆ ನಾರ್ಕಮ್. ಹ್ಯಾರಿಯಟ್‌ಗೆ ಹದಿನೈದು ತುಂಬುವ ಹೊತ್ತಿಗೆ, ಅವಳಿಗಿಂತ ಮೂವತ್ತು ವರ್ಷಕ್ಕೂ ಹೆಚ್ಚು ದೊಡ್ಡವನಾದ ಈ ವೈದ್ಯ ಬೆನ್ನು ಹತ್ತಿದ. ಕಿವಿಯಲ್ಲಿ ಹೊಲಸು ಮಾತು, ಚೀಟಿ, ಬೆದರಿಕೆ, ಆಮಿಷ. ಊರಿನಿಂದ ದೂರದಲ್ಲಿ ಅವಳಿಗಾಗಿ ಒಂದು ಒಂಟಿ ಮನೆ ಕಟ್ಟಿಸುತ್ತೇನೆಂದ. ಅವಳು ಮೆಚ್ಚಿದ, ಹಣ ಕೊಟ್ಟು ಬಿಡಿಸಿಕೊಂಡು ಮದುವೆಯಾಗಲು ಸಿದ್ಧನಿದ್ದ ಸ್ವತಂತ್ರ ಕಪ್ಪು ಬಡಗಿಯೊಬ್ಬನಿಗೆ ಕೊಡಲು ಒಪ್ಪಲಿಲ್ಲ. ಕೊನೆಗೆ, ತನಗೆ ಬಗ್ಗದ ಅವಳನ್ನು ಮಗನ ತೋಟಕ್ಕೆ ಅಟ್ಟಿದ. ಅವಳ ಇಬ್ಬರು ಸಣ್ಣ ಮಕ್ಕಳನ್ನೂ ಅಲ್ಲಿಗೆ ತಂದು 'ಪಳಗಿಸುವ' ಏರ್ಪಾಡು ನಡೆದಿದೆ ಎಂದು ಗೊತ್ತಾದ ಮೇಲೆಯೇ ಅವಳು ಕಾಲ್ಕಿತ್ತದ್ದು.

ಹಾಗಾದರೆ ಜಾಹೀರಾತಿನಲ್ಲಿ ನಾರ್ಕಮ್ ಬರೆದದ್ದು ಶುದ್ಧ ಸುಳ್ಳೆ? ನನಗೆ ಹಾಗನ್ನಿಸುವುದಿಲ್ಲ. ತಾನು ಮಾಡಿದ್ದೇನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದು ಓಡಿಹೋಗಲು 'ಕಾರಣ'ವಾಗಬಲ್ಲದು ಎಂಬುದು ಮಾತ್ರ ಅವನ ಲೆಕ್ಕದಲ್ಲಿ ಇರಲಿಲ್ಲ. ತನ್ನ ಸೊತ್ತನ್ನು ತಾನು ಬಳಸಿದರೆ ಸೊತ್ತಿಗೆ ಕಾರಣ ಎಲ್ಲಿಂದ ಹುಟ್ಟಬೇಕು? ಹದಿನಾರು ವರ್ಷಗಳ ನಂತರ, 1851ರಲ್ಲಿ, ಸ್ಯಾಮ್ಯುಯಲ್ ಕಾರ್ಟ್‌ರೈಟ್ ಎಂಬ ಇನ್ನೊಬ್ಬ ದಕ್ಷಿಣದ ವೈದ್ಯ ಗುಲಾಮರು ಓಡಿಹೋಗುವುದನ್ನು ಒಂದು ಕಾಯಿಲೆಯೆಂದೇ ಸಾರಿ, ಅದಕ್ಕೊಂದು ಗ್ರೀಕ್ ಹೆಸರನ್ನೂ ಕೊಟ್ಟ. ಮನುಷ್ಯನ ಬಿಡುಗಡೆಯ ಆಸೆಗೆ ರೋಗಲಕ್ಷಣ ಹುಡುಕಿದ ಆ ವಿದ್ವತ್ತನ್ನು ನೋಡಿ ಇಂದು ನಗುವುದು ಸುಲಭ. ನಾರ್ಕಮ್‌ನ ಜಾಹೀರಾತಿನ ಹಿಂದಿದ್ದದ್ದೂ ಅದೇ ತರ್ಕ.

ಈ ತರ್ಕ ಒಬ್ಬಿಬ್ಬರ ದುಷ್ಟತನವಲ್ಲ, ನೆಲದ ಕಾನೂನು. ಅದನ್ನು ಅತ್ಯಂತ ಸ್ಪಷ್ಟವಾಗಿ ಬರೆದಿಟ್ಟ ತೀರ್ಪು ಹುಟ್ಟಿದ್ದೂ ಕಾಕತಾಳೀಯವಾಗಿ ಈಡನ್‌ಟನ್ ಇರುವ ಚೋವನ್ ಕೌಂಟಿಯಲ್ಲೇ. ಜಾನ್ ಮಾನ್ ಎಂಬವನು ಲಿಡಿಯಾ ಎಂಬ ಗುಲಾಮ ಹೆಣ್ಣನ್ನು ಅವಳ ಒಡತಿಯಿಂದ ಬಾಡಿಗೆಗೆ ಪಡೆದಿದ್ದ. ಯಾವುದೋ ಸಣ್ಣ ತಪ್ಪಿಗೆ ಹೊಡೆಯಹೊರಟಾಗ ಅವಳು ಓಡಿದಳು. ಅವನು ಗುಂಡು ಹಾರಿಸಿ ಗಾಯಗೊಳಿಸಿದ. ಸ್ಥಳೀಯ ಜ್ಯೂರಿಯ ಬಿಳಿಯರೇ ಅವನನ್ನು ತಪ್ಪಿತಸ್ಥನೆಂದರು ಎಂಬುದನ್ನು ಗಮನಿಸಬೇಕು. ಆದರೆ 1829ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ನ್ಯಾಯಮೂರ್ತಿ ಟಾಮಸ್ ರಫಿನ್ ಕೊಟ್ಟ ಕಾರಣದ ತಿರುಳು ಇಷ್ಟು: ಗುಲಾಮನ ಶರಣಾಗತಿ ಪರಿಪೂರ್ಣವಾಗಬೇಕಾದರೆ ಒಡೆಯನ ಅಧಿಕಾರಕ್ಕೆ ಯಾವ ಮಿತಿಯೂ ಇರಕೂಡದು. ಇದು ಕಠೋರವೆಂದು ತನಗೂ ಅನ್ನಿಸುತ್ತದೆ, ಆದರೆ ಗುಲಾಮಗಿರಿ ಇರುವವರೆಗೆ ಬೇರೆ ದಾರಿಯಿಲ್ಲ ಎಂದೂ ಆತ ಬರೆದ. ಮರುಗುವ ದನಿಯಲ್ಲಿ ಹೊರಬಂದ ತೀರ್ಪು. ಆ ಮರುಕದಿಂದ ಲಿಡಿಯಾಗೆ ಆದ ಪ್ರಯೋಜನ ಶೂನ್ಯ.

ಆದರೂ ರಫಿನ್ ಒಂದು ವಿಷಯದಲ್ಲಿ ಸತ್ಯವನ್ನೇ ನುಡಿದ. ಗುಲಾಮಗಿರಿ ಕೇಳುವುದು ಕೆಲಸವನ್ನಲ್ಲ, ವಿಧೇಯತೆಯನ್ನೂ ಅಲ್ಲ; ಅದಕ್ಕೆ ಬೇಕಾದದ್ದು ಪರಿಪೂರ್ಣ ಶರಣಾಗತಿ. ಹಾಗಿದ್ದರೆ ಆ ಪರಿಪೂರ್ಣತೆಯನ್ನು ಕೆಡಿಸುವ ಪ್ರತಿಯೊಂದು ನಡೆಯೂ, ಅದೆಷ್ಟೇ ಸದ್ದಿಲ್ಲದ್ದಾಗಿರಲಿ, ಗುಲಾಮಗಿರಿಯ ಬುಡಕ್ಕೇ ಬೀಳುವ ಪೆಟ್ಟು. ಪ್ರತಿರೋಧವೆಂದರೆ ತಿರುಗಿ ಹೊಡೆಯುವುದು ಅಥವಾ ತಪ್ಪಿಸಿಕೊಂಡು ಓಡುವುದು ಎಂಬ ನಮ್ಮ ರೂಢಿಯ ಅಳತೆಗೋಲು ಇಲ್ಲಿ ಸಾಲದು.

ಆ ಅಳತೆಗೋಲು ಬಂದದ್ದು ಬಹುಮಟ್ಟಿಗೆ ಫ್ರೆಡರಿಕ್ ಡಗ್ಲಸ್‌ನಿಂದ. 1845ರಲ್ಲಿ ಹೊರಬಂದ ಅವನ ಆತ್ಮಕಥೆಯನ್ನು ಓದಿದ ಯಾರೂ 1834ರ ಆ ಹೊಡೆದಾಟವನ್ನು ಮರೆಯುವುದಿಲ್ಲ. ಗುಲಾಮರನ್ನು ಪಳಗಿಸುವುದರಲ್ಲಿ ಹೆಸರು ಮಾಡಿದ್ದ ರೈತನೊಬ್ಬನ ಕುತ್ತಿಗೆಗೆ ಹದಿನಾರರ ಹುಡುಗ ಕೈ ಹಾಕಿದ. ಸುಮಾರು ಎರಡು ಗಂಟೆ ಸೆಣಸಿ ಸೋಲದೆ ನಿಂತ. ಅಲ್ಲಿಂದಾಚೆಗೆ ಅವನ ಮೈಮೇಲೆ ಚಾಟಿ ಬೀಳಲಿಲ್ಲ. ನಾಲ್ಕು ವರ್ಷಗಳ ನಂತರ, 1838ರಲ್ಲಿ, ನಾವಿಕನ ವೇಷದಲ್ಲಿ ರೈಲು ಹತ್ತಿ ಉತ್ತರಕ್ಕೆ ಪಾರಾದ. ಇದರ ಹಿರಿಮೆಯನ್ನು ಕುಗ್ಗಿಸುವುದು ನನ್ನ ಉದ್ದೇಶವಲ್ಲ. ಇಪ್ಪತ್ತರ ಹರೆಯ, ಸೊಂಟದ ಮೇಲೆ ಕೂಸಿಲ್ಲ, ಒಬ್ಬನೇ ಹೊರಡಬಹುದಾದ ಸ್ಥಿತಿ: ಈ ಕಥೆ ನಡೆಯಲು ಇವೂ ಬೇಕಾಗಿದ್ದವು. ಅದನ್ನೇ ಎಲ್ಲರಿಗೂ ಅಳತೆ ಮಾಡಿಕೊಂಡಾಗ ಮಕ್ಕಳಿದ್ದ ಹೆಂಗಸರು ಚರಿತ್ರೆಯಲ್ಲಿ ಕೇವಲ ಸಹಿಸಿದವರಾಗಿ, ಅತ್ತವರಾಗಿ ಉಳಿದುಬಿಡುತ್ತಾರೆ.

ಮಕ್ಕಳ ಮಾತು ಇಲ್ಲಿ ಬರೀ ಭಾವನೆಯದಲ್ಲ, ಲೆಕ್ಕಾಚಾರದ್ದೂ ಹೌದು. ಹುಟ್ಟುವ ಮಗು ತಾಯಿಯ ಸ್ಥಿತಿಯನ್ನೇ ಪಡೆಯುತ್ತದೆ ಎಂದು ವರ್ಜೀನಿಯಾ 1662ರಲ್ಲೇ ಕಾನೂನು ಮಾಡಿತ್ತು. ಉಳಿದ ವಸಾಹತುಗಳೂ ಅದೇ ಹಾದಿ ಹಿಡಿದವು. ತಂದೆಯ ಕುಲ, ತಂದೆಯ ಹೆಸರು, ತಂದೆಯ ಆಸ್ತಿ ಎಂದು ಬದುಕುತ್ತಿದ್ದ ಸಮಾಜ ಗುಲಾಮರ ವಿಷಯ ಬಂದಾಗ ಮಾತ್ರ ಏಕಾಏಕಿ ತಾಯಿಯ ಕಡೆಗೆ ತಿರುಗಿಕೊಂಡಿತು. ಒಡೆಯನೇ ಬಲಾತ್ಕರಿಸಿ ಹುಟ್ಟಿಸಿದ ಮಗುವೂ ಅವನಿಗೆ ಮಗುವಲ್ಲ, ಕೊಟ್ಟಿಗೆಗೆ ಬಂದ ಲಾಭ. ಹೀಗಾಗಿ ಹೆಣ್ಣಿಗೆ ಗುಲಾಮಗಿರಿಯ ಸರಪಳಿ ಅವಳ ಮಮತೆಯಿಂದಲೇ ತಯಾರಾಗುತ್ತಿತ್ತು. ಹ್ಯಾರಿಯಟ್ ಎಲ್ಲಿಗೂ ಹೋಗಲಾರಳು ಎಂದು ನಾರ್ಕಮ್ ನಂಬಿದ್ದು ಇದೇ ಲೆಕ್ಕದ ಮೇಲೆ. ಅವಳು ಕಾಣೆಯಾದಾಗ ಅವನು ಮೊದಲು ಹಿಡಿದು ಜೈಲಿಗೆ ತಳ್ಳಿಸಿದ್ದು ಅವಳ ಪುಟ್ಟ ಮಕ್ಕಳನ್ನು, ತಮ್ಮನನ್ನು, ಚಿಕ್ಕಮ್ಮನನ್ನು.

ಆ ಮಕ್ಕಳು ನಾರ್ಕಮ್‌ನವರಲ್ಲ. ಇಲ್ಲಿ ಹ್ಯಾರಿಯಟ್‌ಳ ಬದುಕಿನ ಅತ್ಯಂತ ಕಠಿಣ ನಿರ್ಧಾರ ಬರುತ್ತದೆ. ಅವಳ ಕಾಲದ ಓದುಗರು ಇದನ್ನೇ ಹಿಡಿದು ಮೂಗು ಮುರಿಯಬಹುದೆಂದು ಅವಳು ಅಂಜಿದ್ದಳು. ವೈದ್ಯನ ಕಾಟ ತಾರಕಕ್ಕೇರಿದಾಗ, ಊರಿನ ಇನ್ನೊಬ್ಬ ಬಿಳಿಯ, ಅವಿವಾಹಿತ ವಕೀಲ ಸ್ಯಾಮ್ಯುಯಲ್ ಸಾಯರ್‌ನ ಸಂಬಂಧವನ್ನು ಅವಳು ಒಪ್ಪಿಕೊಂಡಳು. ಅವನಿಂದ ಜೋಸೆಫ್, ಲೂಯಿಸಾ ಎಂಬ ಇಬ್ಬರು ಮಕ್ಕಳಾದರು. ನಾರ್ಕಮ್‌ಗೆ ಸಿಟ್ಟು ಬಂದು ತನ್ನನ್ನು ಮಾರಿಬಿಟ್ಟಾನು, ಸಾಯರ್ ಕೊಂಡಾನು, ಮಕ್ಕಳಿಗೆ ಬಿಡುಗಡೆ ಸಿಕ್ಕೀತು: ಹೀಗೆ ಅವಳ ಎಣಿಕೆ. ಹದಿನಾರು ವರ್ಷದ ಹುಡುಗಿಯ ಎಣಿಕೆ ಇದು ಎಂಬುದನ್ನು ಮರೆಯಬಾರದು.

ಇದನ್ನು ಆಯ್ಕೆಯೆನ್ನಬಹುದೆ? ಕೆಲವು ವಿಮರ್ಶಕರು ಎರಡು ಬಲೆಗಳ ನಡುವೆ ಒಂದಕ್ಕೆ ಬೀಳುವುದನ್ನು ಸ್ವಾತಂತ್ರ್ಯವೆಂದು ಹಾಡಿಹೊಗಳುವುದು ತಪ್ಪೆನ್ನುತ್ತಾರೆ. ಅವರ ಎಚ್ಚರಿಕೆ ಸರಿಯಾದದ್ದೇ. ಸಾಯರ್ ಕೂಡ ಅದೇ ಒಡೆಯರ ವರ್ಗದವನು. ಮುಂದೆ ಅವನು ಮಧ್ಯವರ್ತಿಯ ಮೂಲಕ ಮಕ್ಕಳನ್ನು ಕೊಂಡನೇನೋ ನಿಜ, ಆದರೆ ಕೊಟ್ಟ ಮಾತಿನಂತೆ ಬಿಡುಗಡೆಯ ಪತ್ರ ಬರೆಯಲಿಲ್ಲ. 1837ರಲ್ಲಿ ಅಮೆರಿಕದ ಕಾಂಗ್ರೆಸ್ಸಿಗೆ ಆಯ್ಕೆಯಾಗಿ ವಾಷಿಂಗ್ಟನ್ನಿಗೆ ಹೋದ. ಇಷ್ಟಾದರೂ ಆ ವಿಮರ್ಶಕರ ತೀರ್ಮಾನವನ್ನು ನಾನು ಒಪ್ಪಲಾರೆ. ಸ್ವತಂತ್ರವಾಗಿ ಆರಿಸಿಕೊಳ್ಳುವ ಅವಕಾಶವೇ ಇಲ್ಲದವರ ನಡೆಯನ್ನು ತೂಗುವಾಗ, ಅದು ಪರಿಶುದ್ಧವಾಗಿತ್ತೆ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಅದು ಒಡೆಯನ ಕೈಯಿಂದ ಏನನ್ನು ಕಿತ್ತುಕೊಂಡಿತು ಎಂದು ಕೇಳಬೇಕು. ನಾರ್ಕಮ್ ಬಯಸಿದ್ದು ಒಂದು ಹೆಣ್ಣಿನ ಮೈಯನ್ನಷ್ಟೇ ಅಲ್ಲ, ಅವಳಿಗೆ ಬೇರೆ ಗತಿಯಿಲ್ಲ ಎಂಬ ಒಪ್ಪಿಗೆಯನ್ನು. ಅದು ಅವನಿಗೆ ಸಿಗಲಿಲ್ಲ. ಗುಲಾಮ ಹೆಣ್ಣನ್ನು ಉಳಿದ ಹೆಂಗಸರ ಮಾನದಂಡದಿಂದ ಅಳೆಯಬಾರದು ಎಂದು ಅವಳು ಮುಂದೆ ಬರೆದಾಗ, ಅದರಲ್ಲಿದ್ದದ್ದು ಕ್ಷಮಾಪಣೆಯಷ್ಟೇ ಅಲ್ಲ. ನೀತಿಯ ಪಾಠ ಹೇಳುವವರು ಮೊದಲು ಆ ನೀತಿ ಪಾಲಿಸಲು ಬೇಕಾದ ನೆಲ ಎಲ್ಲರ ಕಾಲ ಕೆಳಗೂ ಇದೆಯೆ ಎಂದು ನೋಡಲಿ ಎಂಬ ಸವಾಲೂ ಇತ್ತು.

ಅವಳ ಅಜ್ಜಿ ಮಾಲಿ ಹಾರ್ನಿಬ್ಲೋಳದು ಇನ್ನೊಂದು ಬಗೆ. ರಾತ್ರಿ ನಿದ್ದೆಗೆಟ್ಟು ಬಿಸ್ಕತ್ತು ಬೇಯಿಸಿ ಮಾರುತ್ತಿದ್ದ ಈ ಹೆಂಗಸನ್ನು ಊರಿನಲ್ಲಿ ಅರಿಯದವರಿರಲಿಲ್ಲ. ಅವಳಿಗೆ ಬಿಡುಗಡೆ ಕೊಡುವುದಾಗಿ ಒಡತಿ ಮಾತು ಕೊಟ್ಟಿದ್ದಳು. ಒಡತಿ ತೀರಿಕೊಂಡ ಮೇಲೆ ನಾರ್ಕಮ್ ಅವಳನ್ನು ಮಾರಲು ಹೊರಟ, ಊರವರ ಬಾಯಿಗೆ ಬೀಳದಂತೆ ಗುಟ್ಟಾಗಿ ಮುಗಿಸುವ ಆಲೋಚನೆಯಲ್ಲಿ. ಮಾಲಿ ಒಪ್ಪಲಿಲ್ಲ. ಮಾರುವುದಾದರೆ ಎಲ್ಲರೆದುರು ಮಾರಲಿ ಎಂದು ಹರಾಜಿನ ಕಟ್ಟೆಯನ್ನು ತಾನೇ ಹತ್ತಿ ನಿಂತಳು. ನೆರೆದವರು ಛೀ ಎಂದರು, ಯಾರೂ ಕೂಗಲಿಲ್ಲ. ಕೊನೆಗೆ ಸತ್ತ ಒಡತಿಯ ವೃದ್ಧ ಸೋದರಿ 50 ಡಾಲರಿಗೆ ಕೂಗಿ, ಕೊಂಡು, ಬಿಡುಗಡೆ ಕೊಟ್ಟಳು. ಏಟಿಲ್ಲ, ಓಟವಿಲ್ಲ. ಬಿಳಿಯರ ಊರಿನ ಮರ್ಯಾದೆಯನ್ನೇ ಅವರ ವಿರುದ್ಧ ತಿರುಗಿಸಿದ ನಡೆ ಇದು. ನಾರ್ಕಮ್ ಮೊಮ್ಮಗಳ ಮೇಲೆ ಕೊನೆಯ ಬಲಪ್ರಯೋಗಕ್ಕೆ ಹಿಂಜರಿದದ್ದಕ್ಕೂ ಈ ಅಜ್ಜಿಯ ನಾಲಗೆಯ ಭಯ ಒಂದು ಕಾರಣವೆಂದು ಹ್ಯಾರಿಯಟ್ ನಂಬಿದ್ದಳು. ಕೆಲವು ಮೈಲಿ ಆಚೆಯ ಒಂಟಿ ತೋಟದಲ್ಲಿ ಈ ಆಯುಧ ನಡೆಯುತ್ತಿರಲಿಲ್ಲ. ಒಂಟಿ ಮನೆ ಕಟ್ಟಿಸುವ ಆತುರ ನಾರ್ಕಮ್‌ಗೆ ಅದಕ್ಕೇ.

ಈಗ ಅಟ್ಟಕ್ಕೆ ಬರೋಣ. ಓಡಿಹೋದ ಹ್ಯಾರಿಯಟ್ ಮೊದಲು ಅವರಿವರ ಮನೆಯಲ್ಲಿ, ಗುಲಾಮರನ್ನಿಟ್ಟುಕೊಂಡಿದ್ದ ಒಬ್ಬ ಬಿಳಿಯ ಹೆಂಗಸಿನ ಮನೆಯಲ್ಲೂ, ಆಮೇಲೆ ಹಾವುಗಳು ತುಂಬಿದ ಜೌಗಿನಲ್ಲಿ ಅಡಗಿದಳು. ಕೊನೆಗೆ ಸೇರಿದ್ದು ಅಜ್ಜಿಯ ಮನೆಗೆ ತಾಗಿಕೊಂಡಿದ್ದ ಉಗ್ರಾಣದ ಸೂರಿನಡಿಯ ಅಟ್ಟಕ್ಕೆ. ಉದ್ದ ಒಂಬತ್ತು ಅಡಿ, ಅಗಲ ಏಳು ಅಡಿ, ಎತ್ತರ ಅತಿ ಹೆಚ್ಚೆಂದರೆ ಮೂರು ಅಡಿ. ನಿಲ್ಲುವುದಿರಲಿ, ನೆಟ್ಟಗೆ ಕೂರಲೂ ಕಷ್ಟ. ಇಲಿಗಳು ಹಾಸಿಗೆಯ ಮೇಲೆ ಓಡಾಡುತ್ತಿದ್ದವು. ಬೇಸಿಗೆಯಲ್ಲಿ ಮಾಡಿನ ಹಲಗೆಗಳಿಂದ ಕಾದ ರಾಳ ತಲೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಚಳಿಗಾಲದಲ್ಲಿ ಕೈಕಾಲು ಮರಗಟ್ಟುತ್ತಿದ್ದವು. ಒಂದು ಚಳಿಗಾಲ ಮುಖ, ನಾಲಗೆ ಬಿಗಿದು ಮಾತೇ ನಿಂತಿತು. ಬಡಗಿ ಮಾವ ಬಿಟ್ಟುಹೋಗಿದ್ದ ಕೊರೆಯುಳಿಯಿಂದ ಗೋಡೆಯಲ್ಲಿ ತೂತು ಕೊರೆದು, ಕೆಳಗೆ ಬೀದಿಯಲ್ಲಿ ಓಡಾಡುವ ತನ್ನ ಮಕ್ಕಳನ್ನು ನೋಡುತ್ತ, ಹೊಲಿಗೆ ಹಾಕುತ್ತ, ಬೈಬಲ್ ಓದುತ್ತ ಅವಳು ಅಲ್ಲಿ ಕಳೆದದ್ದು ಹೆಚ್ಚುಕಡಿಮೆ ಏಳು ವರ್ಷ. ನಾರ್ಕಮ್‌ನ ಮನೆ ಅಲ್ಲಿಂದ ಬಹು ದೂರವೇನಿರಲಿಲ್ಲ. ಮಕ್ಕಳಿಗೆ ವಿಷಯ ಹೇಳಿರಲಿಲ್ಲ. ಆದರೆ ಮಗ ಒಮ್ಮೆ ಕೆಮ್ಮಿನ ಸದ್ದು ಕೇಳಿ ತಾಯಿಯೇ ಇರಬೇಕೆಂದು ಊಹಿಸಿದ್ದ. ಯಾರಿಗೂ ಬಾಯಿ ಬಿಡದೆ, ಜೊತೆಯ ಹುಡುಗರನ್ನು ಆ ಮೂಲೆಗೆ ಬರದಂತೆ ಉಪಾಯವಾಗಿ ಬೇರೆ ಕಡೆಗೆ ಕರೆದೊಯ್ಯುತ್ತಿದ್ದ. ಗುಲಾಮಗಿರಿ ಎಳೆಯ ಮಕ್ಕಳಿಗೂ ಎಂಥ ವಿದ್ಯೆ ಕಲಿಸುತ್ತಿತ್ತು!

ಇಷ್ಟು ಹೇಳಿ ನಿಲ್ಲಿಸಿದರೆ ಅದು ಸಹನೆಯ ಕಥೆಯಾದೀತು. ತ್ಯಾಗಮಯಿ ತಾಯಿ ಎಂದು ಕೈಮುಗಿದು ಮುಂದೆ ಹೋಗಬಹುದು. ನಮ್ಮಲ್ಲಿ ತಾಯಂದಿರನ್ನು ಹೀಗೆ ಕೈಮುಗಿದು ಮುಗಿಸುವ ಅಭ್ಯಾಸ ಬೇರೆ ಇದೆ. ಹ್ಯಾರಿಯಟ್ ಅಟ್ಟದಲ್ಲಿ ಕುಳಿತು ಮಾಡಿದ್ದು ಬರೀ ಕಾಯುವ ಕೆಲಸವಲ್ಲ. ಅವಳು ಪತ್ರ ಬರೆದಳು. ತಾನು ನ್ಯೂಯಾರ್ಕಿನಲ್ಲಿದ್ದೇನೆಂಬಂತೆ ನಾರ್ಕಮ್‌ಗೂ ಅಜ್ಜಿಗೂ ಕಾಗದ ಬರೆದು, ನಂಬಿಗಸ್ತ ನಾವಿಕನ ಕೈಯಲ್ಲಿ ಉತ್ತರಕ್ಕೆ ಕಳಿಸಿ ಅಲ್ಲಿಂದ ಅಂಚೆಗೆ ಹಾಕಿಸಿದಳು. ಆ ಊರಿನ ಬೀದಿ, ಮನೆ ನಂಬರು ಬೇಕಲ್ಲ? ಯಾವುದೋ ಸಾಮಾನಿಗೆ ಸುತ್ತಿ ಬಂದಿದ್ದ 'ನ್ಯೂಯಾರ್ಕ್ ಹೆರಾಲ್ಡ್' ಪತ್ರಿಕೆಯ ತುಣುಕಿನಿಂದ ತೆಗೆದುಕೊಂಡಳು. ಸದಾ ಕಪ್ಪುಜನರನ್ನು ಹೀಗಳೆಯುತ್ತಿದ್ದ ಆ ಪತ್ರಿಕೆ ಒಂದು ಸಲವಾದರೂ ಅವರ ಉಪಯೋಗಕ್ಕೆ ಬಂತೆಂದು ಅವಳೇ ನಗೆಯಾಡುತ್ತಾಳೆ. ಕಾಗದ ತಲುಪಿದ ಮೇಲೆ ನಡೆದದ್ದು ಇನ್ನೂ ಸ್ವಾರಸ್ಯ. ಅಜ್ಜಿಯ ಹೆಸರಿಗೆ ಬಂದ ಪತ್ರವನ್ನು ನಾರ್ಕಮ್ ಎಗರಿಸಿ, ಅದರ ಬದಲು ತಾನೇ ಒಂದು ಸುಳ್ಳು ಪತ್ರ ಬರೆದುಕೊಂಡು ಬಂದು, ಹ್ಯಾರಿಯಟ್ ಪಶ್ಚಾತ್ತಾಪಪಟ್ಟು ಮನೆಗೆ ಬರಲು ಹಂಬಲಿಸುತ್ತಿದ್ದಾಳೆಂದು ಅಜ್ಜಿಗೆ ಓದಿ ಹೇಳಿದ. ಬಾಗಿಲ ಮರೆಯಲ್ಲಿ ಕುಳಿತು ಅದನ್ನೆಲ್ಲ ಕೇಳುತ್ತಿದ್ದವಳು ಸ್ವತಃ ಹ್ಯಾರಿಯಟ್.

ನಾರ್ತ್ ಕ್ಯಾರೊಲೈನಾ 1830ರಲ್ಲಿ ಗುಲಾಮರಿಗೆ ಓದು ಬರಹ ಕಲಿಸುವುದನ್ನು ನಿಷೇಧಿಸಿತ್ತು. ಆ ಕಾಯ್ದೆಯಲ್ಲಿ ಒಂದು ವಿನಾಯಿತಿ: ಅಂಕಿಗಳನ್ನು ಕಲಿಸಬಹುದು. ಮೂಟೆ ಎಣಿಸಲು ಲೆಕ್ಕ ಬೇಕು, ಪತ್ರ ಬರೆಯಲು ಅಕ್ಷರ ಬೇಡ. ಶಾಸಕರ ಭಯ ಎಷ್ಟು ಸಕಾರಣವಾಗಿತ್ತು ಎಂಬುದಕ್ಕೆ ಅಟ್ಟದ ಮೇಲಿಂದ ಹೊರಟ ಆ ಪತ್ರಗಳೇ ಸಾಕ್ಷಿ. ಅವಳನ್ನು ಹುಡುಕಲೆಂದು ನಾರ್ಕಮ್ ಸಾಲ ಎತ್ತಿ ನ್ಯೂಯಾರ್ಕಿಗೆ ಹೋಗಿ ಬರಿಗೈಲಿ ಬಂದ. ಮಕ್ಕಳನ್ನು ದೂರದ ರಾಜ್ಯಕ್ಕೆ ಸಾಗಿಸುವ ವ್ಯಾಪಾರಿಯೆಂದು ನಂಬಿ ಮಾರಿದ. ಆ ವ್ಯಾಪಾರಿ ಸಾಯರ್‌ನ ಪರವಾಗಿ ಬಂದವನಾಗಿದ್ದ. ಒಡೆಯನ ಹಣ, ಹೊತ್ತು, ಬುದ್ಧಿ ಎಲ್ಲವೂ ಅವಳು ಬಯಸಿದ ದಿಕ್ಕಿನಲ್ಲಿ ಖರ್ಚಾಗುತ್ತಿದ್ದವು. ಇಡೀ ಊರಿನಲ್ಲಿ ಕೈಕಾಲು ಆಡಿಸಲಾಗದೆ ಬಿದ್ದಿದ್ದವಳೇ ಅವನನ್ನು ಆಡಿಸುತ್ತಿದ್ದಳು.

ಪ್ರತಿರೋಧದ ವ್ಯಾಖ್ಯೆಯನ್ನು ಇಷ್ಟು ಸಡಿಲಿಸಿದರೆ ಎಲ್ಲವೂ ಪ್ರತಿರೋಧವಾಗಿಬಿಡುವುದಿಲ್ಲವೆ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಗುಲಾಮರು ಹಾಡಿದ್ದು, ನಕ್ಕದ್ದು, ನಿಧಾನವಾಗಿ ಕೆಲಸ ಮಾಡಿದ್ದು ಎಲ್ಲವನ್ನೂ ಬಂಡಾಯವೆಂದು ಬರೆಯುವ ಪ್ರಬಂಧಗಳು ಸಾಕಷ್ಟು ಬಂದಿವೆ. ಅವನ್ನು ಓದುತ್ತ ಹೋದರೆ ಗುಲಾಮಗಿರಿ ಅಷ್ಟೇನೂ ಭೀಕರವಲ್ಲವೇನೋ, ಜನ ಹೇಗೋ ಏಗುತ್ತಿದ್ದರೇನೋ ಎಂಬ ಭ್ರಮೆ ಹುಟ್ಟುತ್ತದೆ. ಇದು ಅಪಾಯ. ಆದ್ದರಿಂದ ನಾನು ರಫಿನ್‌ನ ಮಾತಿಗೇ ಅಂಟಿಕೊಳ್ಳುತ್ತೇನೆ. ಒಡೆಯ ತನ್ನದೆಂದು ಹಕ್ಕು ಹೂಡಿದ್ದರಲ್ಲಿ ಏನಾದರೊಂದು, ತಿಳಿದೂ ತಿಳಿದು, ಅಪಾಯವನ್ನು ಮೈಮೇಲೆ ಎಳೆದುಕೊಂಡು, ಅವನ ಕೈ ತಪ್ಪುವಂತೆ ಮಾಡಿದರೆ ಅದು ಪ್ರತಿರೋಧ. ಹಾಡು ಕೆಲವೊಮ್ಮೆ ಈ ಗೆರೆ ದಾಟುತ್ತದೆ, ಕೆಲವೊಮ್ಮೆ ಇಲ್ಲ. ಅಟ್ಟದ ಪತ್ರಗಳ ಬಗ್ಗೆ ಅನುಮಾನವಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಭಾರವಾದದ್ದು. ಹ್ಯಾರಿಯಟ್‌ಗೆ ಅಕ್ಷರ ಗೊತ್ತಿತ್ತು, ಊರು ಮನ್ನಿಸುವ, ಬಿಡುಗಡೆ ಪಡೆದ ಅಜ್ಜಿಯಿದ್ದಳು, ಅಡಗಲು ಮನೆಯಿತ್ತು, ಉಪಾಯವಾಗಿ ಅಟ್ಟಕ್ಕೆ ಬಾಗಿಲು ಮಾಡಿಕೊಟ್ಟ ಬಡಗಿ ಮಾವನಿದ್ದ. ಲಿಡಿಯಾಗೆ ಇದ್ದದ್ದು ಎರಡು ಕಾಲು ಮಾತ್ರ, ಅವು ಗುಂಡಿಗಿಂತ ನಿಧಾನ. ಮಿಸೌರಿ ರಾಜ್ಯದ ಸೀಲಿಯಾಗೆ ಅದೂ ಇರಲಿಲ್ಲ. 1850ರಲ್ಲಿ ಸುಮಾರು ಹದಿನಾಲ್ಕರ ಹುಡುಗಿಯಾಗಿ ಮಾರಾಟವಾದ ಅವಳನ್ನು ಒಡೆಯ ರಾಬರ್ಟ್ ನ್ಯೂಸಮ್ ಐದು ವರ್ಷ ಬಲಾತ್ಕರಿಸಿದ. 1855ರ ಜೂನ್ ತಿಂಗಳ ಒಂದು ರಾತ್ರಿ, ಬರಬೇಡವೆಂದು ಎಚ್ಚರಿಸಿದ್ದರೂ ತನ್ನ ಗುಡಿಸಲಿಗೆ ಬಂದ ಅವನನ್ನು ಅವಳು ಬಡಿದು ಕೊಂದಳು. ಬಲಾತ್ಕಾರದಿಂದ ತನ್ನನ್ನು ಕಾಪಾಡಿಕೊಳ್ಳುವ ಹಕ್ಕು ಮಿಸೌರಿಯ ಕಾಯ್ದೆಯಲ್ಲಿ 'ಯಾವುದೇ ಹೆಂಗಸಿಗೆ' ಇತ್ತು. ಗುಲಾಮ ಹೆಣ್ಣೂ ಅದರಲ್ಲಿ ಸೇರುತ್ತಾಳೆಂಬ ವಕೀಲರ ವಾದವನ್ನು ನ್ಯಾಯಾಧೀಶ ಒಪ್ಪಲಿಲ್ಲ. ಆ ಡಿಸೆಂಬರ್ 21ರಂದು ಅವಳನ್ನು ಗಲ್ಲಿಗೇರಿಸಿದರು. ಹ್ಯಾರಿಯಟ್‌ಳ ಜಾಣ್ಮೆಯನ್ನು ಮೆಚ್ಚುವ ಭರದಲ್ಲಿ ಜಾಣ್ಮೆಯಿಂದ ಯಾರು ಬೇಕಾದರೂ ಪಾರಾಗಬಹುದಿತ್ತು ಎಂದುಕೊಂಡರೆ ಸೀಲಿಯಾಗೆ ಎರಡನೆಯ ಸಲ ಅನ್ಯಾಯ ಮಾಡಿದಂತೆ. ಇಬ್ಬರೂ ತಡೆದದ್ದು ಒಂದನ್ನೇ. ಒಬ್ಬಳ ಕೈಗೆ ಲೇಖನಿ ಸಿಕ್ಕಿತು, ಇನ್ನೊಬ್ಬಳ ಕೈಗೆ ದೊಣ್ಣೆ.

1842ರಲ್ಲಿ ಹ್ಯಾರಿಯಟ್ ಹಡಗಿನಲ್ಲಿ ಅಡಗಿ ಫಿಲಡೆಲ್ಫಿಯಾ ಸೇರಿದಳು. ನ್ಯೂಯಾರ್ಕಿನಲ್ಲಿ ಲೇಖಕ ನಥಾನಿಯಲ್ ವಿಲ್ಲಿಸ್ ಮನೆಯಲ್ಲಿ ಮಗು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಆದರೆ 1850ರ ಕಾಯ್ದೆ ಉತ್ತರದ ರಾಜ್ಯಗಳೂ ಓಡಿಬಂದವರನ್ನು ಹಿಡಿದುಕೊಡಬೇಕೆಂದು ವಿಧಿಸಿದ ಮೇಲೆ ಆ ಊರೂ ಸುರಕ್ಷಿತವಾಗಿ ಉಳಿಯಲಿಲ್ಲ. ನಾರ್ಕಮ್ ಅದೇ ವರ್ಷ ಸತ್ತ. 1852ರಲ್ಲಿ ಅವನ ಮಗಳು, ಕಾನೂನಿನ ಪ್ರಕಾರ ಹ್ಯಾರಿಯಟ್‌ಳ ಒಡತಿ, ಗಂಡನೊಂದಿಗೆ ತನ್ನ ಸೊತ್ತನ್ನು ಹುಡುಕಿಕೊಂಡು ನ್ಯೂಯಾರ್ಕಿಗೆ ಬಂದಳು. ವಿಲ್ಲಿಸ್‌ನ ಹೆಂಡತಿ ಕಾರ್ನೀಲಿಯಾ, ಹ್ಯಾರಿಯಟ್ ಬೇಡವೆಂದಿದ್ದರೂ, 300 ಡಾಲರ್ ಕೊಟ್ಟು ಅವಳ ಬಿಡುಗಡೆಯನ್ನು ಕೊಂಡಳು.

ಈ ಉಪಕಾರಕ್ಕೆ ಹ್ಯಾರಿಯಟ್ ಕೃತಜ್ಞಳಾಗಿದ್ದಳು. ಆದರೂ ಅವಳಿಗೆ ಅದು ಅವಮಾನವಾಗಿ ಕಂಡಿತು. ತನ್ನದೇ ಆದದ್ದನ್ನು ತನಗಾಗಿ ಬೇರೆಯವರು ಬೆಲೆಕೊಟ್ಟು ಕೊಳ್ಳುವುದೆಂದರೇನು? ಎಂದೂ ಅವರದಾಗಿರದ ವಸ್ತುವಿಗೆ ಅವರು ಬೆಲೆ ಪಡೆದರಲ್ಲ? ಡಗ್ಲಸ್‌ನ ಬಿಡುಗಡೆಯನ್ನೂ 1846ರಲ್ಲಿ ಬ್ರಿಟನ್ನಿನ ಗೆಳೆಯರು ಹಣ ಕೊಟ್ಟು ಕೊಂಡಿದ್ದರು. ಗುಲಾಮಗಿರಿ ವಿರೋಧಿಗಳಲ್ಲೇ ಕೆಲವರು ಅದನ್ನು ಟೀಕಿಸಿದಾಗ, ಇದು ದರೋಡೆಕೋರನಿಗೆ ಕೊಟ್ಟ ಒತ್ತೆಹಣ, ಅವನ ಹಕ್ಕನ್ನು ಒಪ್ಪಿಕೊಂಡಂತಲ್ಲ ಎಂದು ಅವನು ವಾದಿಸಿದ್ದ. ತರ್ಕಕ್ಕೆ ಡಗ್ಲಸ್ ಸರಿ; ಕೊಟ್ಟವರದು ತಪ್ಪಲ್ಲ, ಕೇಳಿದವರದು. ಆದರೆ ಹ್ಯಾರಿಯಟ್‌ಳ ಕಹಿಯಲ್ಲಿ ಆ ತರ್ಕಕ್ಕೆ ಸಿಗದ ಒಂದು ಲೆಕ್ಕವಿದೆ. ಅವಳ ಅಜ್ಜಿ ಬಿಸ್ಕತ್ತು ಮಾರಿ, ಮಕ್ಕಳನ್ನು ಬಿಡಿಸಿಕೊಳ್ಳಲೆಂದು ಕೂಡಿಟ್ಟಿದ್ದ ಹಣವನ್ನು ಒಡತಿ ಸಾಲವಾಗಿ ಪಡೆದಿದ್ದಳು. ಒಡತಿ ಸತ್ತ ಮೇಲೆ ಆ ಸಾಲ ತೀರಲಿಲ್ಲ. ಗುಲಾಮಳಿಗೆ ಆಸ್ತಿ ಹೊಂದುವ ಹಕ್ಕಿಲ್ಲವಾದ್ದರಿಂದ ಅವಳಿಗೆ ಸಾಲ ಬಾಕಿಯಿರಲು ಸಾಧ್ಯವಿಲ್ಲ ಎಂಬುದು ಕಾನೂನು. ಆ ಮೊತ್ತವೂ 300 ಡಾಲರೇ. ಕೊಡಬೇಕಾದದ್ದನ್ನು ಕೊಡದ ಕುಟುಂಬವೇ ಅಷ್ಟನ್ನೇ ಮತ್ತೆ ಕೇಳಿ ಪಡೆಯಿತು.

ಬಿಡುಗಡೆಯಾದ ಮೇಲೂ ಅವಳ ಮಾತು ಅವಳದಾಗಲು ಬಹಳ ಕಾಲ ಹಿಡಿಯಿತು. ಗುಲಾಮಗಿರಿಯ ಕಾದಂಬರಿಯಿಂದ ಜಗತ್ಪ್ರಸಿದ್ಧಳಾಗಿದ್ದ ಹ್ಯಾರಿಯಟ್ ಬೀಚರ್ ಸ್ಟೋವ್‌ಳ ನೆರವು ಕೇಳಿದಾಗ, ಆಕೆ ಈ ಕಥೆ ನಿಜವೆ ಎಂದು ಕಾರ್ನೀಲಿಯಾ ವಿಲ್ಲಿಸ್‌ಗೇ ಪತ್ರ ಬರೆದು ವಿಚಾರಿಸಿದಳು. ಮಕ್ಕಳ ತಂದೆಯ ವಿಷಯವನ್ನು ಯಜಮಾನಿಗೆ ಅದುವರೆಗೂ ಹೇಳಿರದ ಹ್ಯಾರಿಯಟ್‌ಗೆ ಅದರಿಂದ ಎಷ್ಟು ನೋವಾಗಿರಬೇಕು. ಜೊತೆಗೆ, ಈ ಬದುಕನ್ನು ತಾನು ಬರೆಯುತ್ತಿದ್ದ ಪುಸ್ತಕದೊಳಗೆ ಸೇರಿಸಿಕೊಳ್ಳುವುದಾಗಿ ಸ್ಟೋವ್ ಹೇಳಿದಳು. ಹ್ಯಾರಿಯಟ್ ಒಪ್ಪಲಿಲ್ಲ. ಹಗಲೆಲ್ಲ ವಿಲ್ಲಿಸ್ ಮನೆಯ ಚಾಕರಿ, ರಾತ್ರಿ ಬರವಣಿಗೆ. 1861ರಲ್ಲಿ ಬಾಸ್ಟನ್ನಿನಲ್ಲಿ, ಲಿಂಡಾ ಬ್ರೆಂಟ್ ಎಂಬ ಮರೆಹೆಸರಿನ ನಿರೂಪಕಿಯೊಂದಿಗೆ, ಪುಸ್ತಕ ಹೊರಬಂತು. ನೂರು ವರ್ಷ ದಾಟಿದ ಮೇಲೆ, 1972ರಲ್ಲಿ, ಗುಲಾಮರ ಬದುಕಿನ ಬಗ್ಗೆ ಮಹತ್ವದ ಗ್ರಂಥ ಬರೆದ ಜಾನ್ ಬ್ಲಾಸಿಂಗೇಮ್ ಕೂಡ ಇದನ್ನು ನಂಬಲರ್ಹವಲ್ಲವೆಂದು ಬದಿಗಿಟ್ಟರು. ಅವರಿಗೆ ಇದು ತೀರಾ ನಾಟಕೀಯವೆನಿಸಿತ್ತು. ಜೀನ್ ಫೇಗನ್ ಯೆಲಿನ್ ಹ್ಯಾರಿಯಟ್‌ಳ ಕೈಬರಹದ ಪತ್ರಗಳನ್ನು, ಊರಿನ ದಾಖಲೆಗಳನ್ನು ಒಂದೊಂದಾಗಿ ಜೋಡಿಸಿ, 1987ರ ಆವೃತ್ತಿಯಲ್ಲಿ ಪಾತ್ರಗಳ ನಿಜ ಹೆಸರುಗಳನ್ನು ಬಯಲಿಗಿಟ್ಟ ಮೇಲೆ ಆ ವಾದ ಮುಗಿಯಿತು. ಗಂಡಸೊಬ್ಬನ ಹೊಡೆದಾಟ ಸಹಜವಾಗಿ ಕಂಡವರಿಗೆ ಹೆಂಗಸೊಬ್ಬಳ ಅಟ್ಟ ಕಟ್ಟುಕಥೆಯಾಗಿ ಕಂಡಿತ್ತು. ಪ್ರತಿರೋಧದ ಬಗ್ಗೆ ನಮ್ಮ ಕಲ್ಪನೆ ಕಿರಿದಾದರೆ ಸಾಕ್ಷ್ಯವೂ ಕಣ್ಣಿಗೆ ಬೀಳುವುದಿಲ್ಲ.

ಹೀಗೆ ಬರೆದಿಟ್ಟವರದೇ ಈ ಗತಿಯಾದರೆ, ಬರೆಯಲಾಗದವರದೇನು? ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾದ ಕಾಡಂಚಿನಲ್ಲಿರುವ ಸಿದ್ದಿಗಳ ಹಿರಿಯರಲ್ಲಿ ಅನೇಕರು ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ತಂದ ಗುಲಾಮರು. ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಹೊಕ್ಕವರು. ಅವರಲ್ಲಿ ಯಾರ ಆತ್ಮಕಥೆಯೂ ನಮಗೆ ಓದಲು ಸಿಗುವುದಿಲ್ಲ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸುವಾಗ ಸರ್ಕಾರ ಅವರನ್ನು ಹಿಂದುಳಿದವರೆಂದು ಗುರುತಿಸಿತು, ಅದು ಬೇಕಾಗಿತ್ತು. ಒಡೆಯರಿಂದ ತಪ್ಪಿಸಿಕೊಂಡು ಬಂದವರ ಮಕ್ಕಳೆಂದು ನಮ್ಮ ಶಾಲೆಯ ಪುಸ್ತಕಗಳು ಅವರನ್ನು ಪರಿಚಯಿಸಿದ್ದು ಕಡಿಮೆ. ದಟ್ಟ ಕಾಡಿನ ನಡುವೆ ಆ ಊರುಗಳು ಇರುವುದೇ ಒಂದು ದಾಖಲೆಯೆಂದು ಓದಿಕೊಳ್ಳಲು ಬರಬೇಕು.

ಅಂತರ್ಯುದ್ಧದ ಹೊತ್ತಿಗೆ ಹ್ಯಾರಿಯಟ್ ವಾಷಿಂಗ್ಟನ್ ಬಳಿಯ ಅಲೆಕ್ಸಾಂಡ್ರಿಯಾಕ್ಕೆ ಹೋದಳು. ದಕ್ಷಿಣದ ತೋಟಗಳಿಂದ ಓಡಿಬಂದ ಸಾವಿರಾರು ಜನ ಅಲ್ಲಿ ಬಟ್ಟೆಯಿಲ್ಲದೆ, ಸಿಡುಬಿಗೆ ಸಿಕ್ಕಿ ಸಾಯುತ್ತಿದ್ದರು. ಪರಿಹಾರದ ಕೆಲಸದ ಜೊತೆಗೆ ಅವಳು ಅವರ ಮಕ್ಕಳಿಗೊಂದು ಶಾಲೆಯ ಪ್ರಯತ್ನದಲ್ಲಿ ತೊಡಗಿದಳು. 1864ರ ಜನವರಿಯಲ್ಲಿ ಶಾಲೆ ತೆರೆಯಿತು. ಅದನ್ನು ನಡೆಸುವವರು ಯಾರು ಎಂಬ ಜಗಳ ಆಗಲೇ ಎದ್ದಿತ್ತು. ಬಿಳಿಯ ಮಿಷನರಿಗಳು ತಮಗೇ ಬಿಡಬೇಕೆಂದರು; ಅವರ ಸದುದ್ದೇಶವನ್ನು ಹ್ಯಾರಿಯಟ್ ಅಲ್ಲಗಳೆಯಲಿಲ್ಲ. ಇದು ಕಪ್ಪುಜನರು ದುಡಿದು ಕಟ್ಟಿಕೊಂಡ ಶಾಲೆ, ಅವರನ್ನೇ ಕೇಳಿ ಎಂದಳು. ನಿನ್ನೆಯವರೆಗೆ ಯಾರದೋ ಸೊತ್ತಾಗಿದ್ದ ಗಂಡಸರು, ಹೆಂಗಸರು ಸಭೆ ಸೇರಿ ಚರ್ಚಿಸಿ, ಶಾಲೆಯನ್ನು ಹ್ಯಾರಿಯಟ್‌ಳ ಕಡೆಯವರ ಕೈಗೆ ಒಪ್ಪಿಸಿದರು. ಮಗಳು ಲೂಯಿಸಾ ಅಲ್ಲಿ ಪಾಠ ಹೇಳಿದಳು.